ಅಕ್ಕನಿಗೆ ಮೊಮ್ಮಗಳು ಕೊಟ್ಟ ಬಿರುದು

ನಮ್ಮವರೇ, ಇವತ್ತು ಮಧ್ಯಾಹ್ನ ದಾಳಿಂಬ ಊರಿನ ನಮ್ಮ ಅಕ್ಕ ಊಟ ಬಿಟ್ಟು ಎದ್ದೇಬಿಟ್ಟಿದ್ದಳು. ಒಂದು ಅಗುಳು ಉಳಿದರೂ ಪ್ರಸಾದಕ್ಕೆ ಅವಮಾನ ಎಂದು ತಟ್ಟೆ ತೊಳೆದ ನೀರನ್ನೂ ಕುಡಿಸುವವಳು ಅವಳು. ಉದಗೀರದಲ್ಲಿ ಕಾಲೇಜು ಓದುವ ಮೊಮ್ಮಗಳು ಅರ್ಧ ಹೋಳಿಗೆ ಬಿಟ್ಟಳು. ಅಕ್ಕ ಅವಳನ್ನು ಏಳಗೊಡಲಿಲ್ಲ.

"ಅಜ್ಜಿ, ನೀ ಪೂರಾ ನಾಝಿ ಇದ್ದಿ ನೋಡು," ಅಂದಳು ಹುಡುಗಿ.

"ಹಂಗಂದ್ರ ಏನೋ ತಮ್ಮಾ?" ಎಂದು ಅಕ್ಕ ನನ್ನನ್ನು ಕೇಳಿದಳು.

ನನಗೋ, ಓದಿದ್ದನ್ನು ಹೇಳದೆ ಇರಲಾಗದು. ಹಿಂದೆ ಜರ್ಮನಿಯನ್ನು ಆಳುತ್ತಾ, ಕುಲ ನೋಡಿ ಯಹೂದಿಗಳನ್ನು ಲಕ್ಷಗಟ್ಟಲೆ ಸೆರೆಯಲ್ಲಿಟ್ಟು, ಉಪವಾಸ ಕೆಡವಿ, ವಿಷದ ಗಾಳಿ ಬಿಟ್ಟು ಕೊಂದವರು ಎಂದೆ.

ಅಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. "ನಾ ಯಾರಿಗಿ ಉಪಾಸ ಕೆಡವೀನವ್ವಾ? ಉಣ್ಣು ಅಂದದ್ದಕ್ಕ ಇಂಥಾ ಮಾತೇನ?" ಎಂದು ಎದ್ದಳು.

ಹುಡುಗಿ ಗಾಬರಿಯಾಗಿ ಸೆರಗು ಹಿಡಿದಳು. "ತಪ್ಪಾತು ಅಜ್ಜಿ. ಹಾಸ್ಟೆಲ್ ಮೇಡಂಗೂ ನಾವು ಹಂಗೇ ಅಂತೀವಿ. ಬರೀ ಕಡಕ್ ಅಂತ ತಿಳಿದಿದ್ದೆ."

"ಹಂಗಾರ ಕಡಕ್ ಅಂತನೇ ಅನ್ನು. ಅದು ಖರೆ ಅದ."

ಅಕ್ಕ ಮತ್ತೆ ಊಟಕ್ಕೆ ಕೂತಳು, ಮೊಮ್ಮಗಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು. ಅರ್ಥ ಹೇಳಿದ ತಪ್ಪಿಗೆ ನನಗೂ ಒಂದು ಬಿತ್ತು. ಸಕ್ಕರೆ ಕಾಯಿಲೆ ಇದೆ ಎನ್ನುವ ಧೈರ್ಯ ಬರಲಿಲ್ಲ.