ಮೂರನೇ ನಂಬರಿನ ಚಂದ್ರಿಕೆ

ನಮ್ಮ ಮನೆಯ ಹಿಂದಿನ ಗೋಡೆಗೆ ಒರಗಿಸಿಟ್ಟ ಚಂದ್ರಿಕೆಗಳಲ್ಲಿ ಒಂದರ ಮೂಲೆಯಲ್ಲಿ ಸೀಮೆಸುಣ್ಣದಿಂದ ಮೂರು ಎಂದು ಬರೆದಿದೆ, ಅದನ್ನು ಅಳಿಸಲು ನಾನು ಯಾರಿಗೂ ಬಿಟ್ಟಿಲ್ಲ. ಚಂದ್ರಿಕೆ ಎಂದರೆ ಗೊತ್ತಲ್ಲ, ಹಣ್ಣಾದ ರೇಷ್ಮೆಹುಳ ಗೂಡು ಕಟ್ಟಲೆಂದು ಬಿಡುವ ಆಳೆತ್ತರದ ಬಿದಿರಿನ ತಡಿಕೆ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದವಳು ನಾನು. ನನ್ನ ಮೊಮ್ಮಗಳು ಚೈತ್ರ ಓದಿ ಓದಿ ಕೊನೆಗೆ ಕಕ್ಕಸು ಪಾಲುಮಾಡುವ ಕೆಲಸ ಹಿಡಿದಿದ್ದಾಳೆ ಎಂದರೆ ನಗಬೇಡಿ, ದೊಡ್ಡ ಹೋಟೆಲುಗಳಲ್ಲಿ ಯಾವ ಬಾಗಿಲು ಎಲ್ಲಿ, ಯಾವ ಅಡ್ಡಗೋಡೆ ಎಷ್ಟು ದೂರ ಎಂದು ನಕ್ಷೆ ಬರೆಯುವವಳು ಅವಳೇ, ಇದನ್ನು ನಾನು ನಮ್ಮೂರು ಕೈಲಾಂಚದ ಹಾಲಿನ ಡೈರಿಯ ಸಾಲಿನಲ್ಲಿ ನಿಂತವರಿಗೆಲ್ಲ ಎರಡೆರಡು ಸಲ ಹೇಳಿ ಬಂದಿದ್ದೇನೆ.

ಚನ್ನಪಟ್ಟಣದ ಹೈವೇಯಲ್ಲಿ ಹೋಟೆಲು ಕಟ್ಟುತ್ತಿರುವ ಸಾಹುಕಾರರೊಬ್ಬರು ಅವಳಿಗೆ ಮೊದಲ ಸ್ವಂತ ಕೆಲಸ ಕೊಟ್ಟರು. ಹೆಂಗಸರ ಕಡೆ ಕಕ್ಕಸಿನ ನಾಲ್ಕೇ ಕೋಣೆ ಹಿಡಿಯುತ್ತವೆ ಎಂದು ಇವಳು, ಐದಾಗದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಅವರು. ಚೈತ್ರ ಊಟ ಬಿಟ್ಟು ಕೂತಳು.

"ಕಾಗದದ್ ಮೇಲೆ ಯಾರ್ ಕೂತ್ಕತಾರೆ, ಮಗ?" ಎಂದೆ. "ಅಂಗಳದಲ್ಲಿ ಕಟ್ಟವ. ಆಯಪ್ಪನ್ನೇ ಕರೆಸು."

ಹುಳ ಇನ್ನೂ ಎಳೆಯವು, ಚಂದ್ರಿಕೆಗಳೆಲ್ಲ ಖಾಲಿ. ಅವಳು ಟೇಪು ಹಿಡಿದು ಹೋಟೆಲಿನ ಅಳತೆಗೇ ಗೆರೆ ಎಳೆದಳು, ನಾನು ಗೂಟ ಹೊಡೆದು ನಿಲ್ಲಿಸಿದ ಚಂದ್ರಿಕೆಗಳಿಗೆ ಸೀಮೆಸುಣ್ಣದಲ್ಲಿ ಕೋಣೆಯ ನಂಬರು ಬರೆದಳು. ಸಾಹುಕಾರರು ಕೇಳಿದಂತೆಯೇ ಐದು ಕೋಣೆ, ಮೂರನೆಯದಕ್ಕೆ ಒಳಕ್ಕೆ ತೆರೆಯುವ ಹಲಗೆಯ ಬಾಗಿಲು, ಕೂರಲು ಬೋರಲು ಹಾಕಿದ ಬಕೆಟ್ಟು.

ಅವರು ಬಂದಾಗ ನಾನೇ ಬ್ಯಾಗು ಹಿಡಿದು ಒಳಹೊಕ್ಕು ತೋರಿಸಿದೆ. ಬಾಗಿಲು ಮಂಡಿಗೆ ಬಡಿದು ನಿಂತಿತು.

"ನೀವು ಒಸಿ ದಪ್ಪ ಇದ್ದೀರಿ ಕಣಜ್ಜಮ್ಮ," ಎಂದರು, ತಮ್ಮ ಹೊಟ್ಟೆಯನ್ನು ಮರೆತು.

"ನೀವು ತೆಳ್ಳಗಿದ್ದೀರಲ್ಲ ಸ್ವಾಮಿ, ಬನ್ನಿ, ಕುಂತ್ಕಳಿ."

ಪಾಪ, ಅಡ್ಡಡ್ಡಲಾಗಿ ನುಗ್ಗಿ, ಹೇಗೋ ಬಾಗಿಲು ಮುಚ್ಚಿ ಕೂತರು. ಏಳೋಣವೆಂದರೆ ಮುಂದೆ ಬಾಗಿಲು, ಬಾಗಿಲು ತೆಗೆಯೋಣವೆಂದರೆ ಮುಂದೆ ಹೊಟ್ಟೆ. ಎರಡರಲ್ಲಿ ಒಂದು ಎಲ್ಲಾದರೂ ಹೋಗಬೇಕು, ಹೋಗಲು ಜಾಗವಿಲ್ಲ. ಬಕೆಟ್ಟು ಕಿರ್ರೆಂದಿತು. ನಾನು ಬಾಗಿಲು ತಟ್ಟಿದೆ.

"ಏನ್ ಸ್ವಾಮಿ, ಆಯ್ತಾ?"

"ಚೈತ್ರಮ್ಮ," ಒಳಗಿನಿಂದ ಸಣ್ಣ ದನಿ ಬಂತು, "ನಾಕೇ ಮಾಡವ್ವ. ಬಾಗ್ಲು ಹೊರಗಡೀಕೆ ತೆಗಿಯಂಗಿರ್ಲಿ. ಮೊದ್ಲು ಈ ತಡಿಕೆ ಕೀಳು."

ಅಂದಿನಿಂದ ಯೋಚಿಸುತ್ತಲೇ ಇದ್ದೇನೆ. ಹುಳಕ್ಕೆ ನಕ್ಷೆ ಬೇಡ, ತನ್ನ ಮೈಯ ಸುತ್ತಲೇ ನೂಲು ಸುತ್ತಿ ಬಾಗಿಲೇ ಇಲ್ಲದ ಕೋಣೆ ಕಟ್ಟಿಕೊಳ್ಳುತ್ತದೆ. ಮನುಷ್ಯರು ಹಾಗಲ್ಲ, ಹೊಟ್ಟೆ, ಬ್ಯಾಗು, ಸೆರಗು, ಕಂಕುಳಿನ ಕೂಸು ಸಮೇತ ಅವಸರದಲ್ಲಿ ಒಳಗೆ ನುಗ್ಗುವವರು. ಅವರಿಗಾಗಿ ಯಾರಾದರೂ ಮೊದಲೇ ಜಾಗ ಅಳೆದಿಡಬೇಕು, ಆ ಯಾರಾದರೂ ನನ್ನ ಮೊಮ್ಮಗಳು.

ನಿನ್ನೆ ಹುಳ ಹಣ್ಣಾದವು, ಮೂರನೇ ನಂಬರಿನಲ್ಲೂ ಬಿಟ್ಟೆವು. ಈ ಬೆಳಿಗ್ಗೆ ಗೂಡು ನೋಡಲು ಹೋದವಳು ಅದರ ಹತ್ತಿರ ನಿಂತು, ಒಳಗಿರುವವರಿಗೆ ಗೊತ್ತಾಗಲೆಂದು, ಮೊದಲು ಒಮ್ಮೆ ಕೆಮ್ಮಿದೆ.