ದ್ವಾದಶಿಯ ಬೆಳಿಗ್ಗೆ ಉಂಡ ಕೋಶಗಳು

ಎರಡು ಸಾವಿರದ ದಶಕದ ನಡುವಿನ ವರ್ಷಗಳಲ್ಲಿ ನಾನು ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಉಪವಾಸ ಕೆಡವುವ ಘನಕಾರ್ಯದಲ್ಲಿದ್ದೆ. ಆಹಾರ ಸಿಗದ ಕೋಶ ತನ್ನೊಳಗಿನ ಹಳೆಯ ಸಾಮಾನನ್ನೇ ಚೀಲಕ್ಕೆ ತುಂಬಿ, ಕರಗಿಸಿ, ತಿಂದು ಬದುಕುತ್ತದೆ. ಆ ಚೀಲ ಕಟ್ಟುವ ಪ್ರೋಟೀನುಗಳಲ್ಲಿ ಎಲ್‌ಸಿ-ತ್ರೀ ಎಂಬುದೊಂದು. ಕೋಶ ಉಂಡು ಸುಖವಾಗಿರುವಾಗ ಅದು ನಮ್ಮೂರಿನ ಸಂಘದ ಪದಾಧಿಕಾರಿಯಂತೆ ಸುಮ್ಮನೆ ಅಡ್ಡಾಡಿಕೊಂಡಿರುತ್ತದೆ. ಹಸಿವಾದರೆ ಮಾತ್ರ ಒಂದು ತುಣುಕು ಕೊಬ್ಬು ಅಂಟಿಸಿಕೊಂಡು ಚೀಲದ ಗೋಡೆಗೆ ಹೋಗಿ ಕೂರುತ್ತದೆ. ಕೂತದ್ದಕ್ಕೆ ಸಾಕ್ಷಿ, ಎಕ್ಸ್‌ರೇ ಫಿಲ್ಮಿನಲ್ಲಿ ಮೊದಲ ಗೆರೆಯ ಕೆಳಗೆ ಮೂಡುವ ಎರಡನೆಯ ಗೆರೆ. ಅದು ಕಾಣದಿದ್ದರೆ ನನ್ನ ಪಿಎಚ್‌ಡಿಯ ವಿಷಯವನ್ನೇ ಕೈಬಿಡಬೇಕೆಂದು ಸಂಶೋಧನಾ ಸಮಿತಿ ಹೇಳಿತ್ತು. ಗೆರೆ ತೋರಿಸುವ ಆಂಟಿಬಾಡಿ ಹೊರದೇಶದಿಂದ ಬರಬೇಕು. ಶೀಶೆಯಲ್ಲಿ ಉಳಿದದ್ದು ಒಂದೇ ಸಲಕ್ಕೆ ಸಾಲುವಷ್ಟು.

ಈ ಸಂಕಟವನ್ನು ಕಾಪುವಿನ ಮನೆಯಲ್ಲಿ ಬಾಯಿಬಿಟ್ಟದ್ದು ನನ್ನ ಗ್ರಹಚಾರ. ಪ್ರಯೋಗದ ಹಿಂದಿನ ದಿನ ಏಕಾದಶಿ. ಬೂತಿನಿಂದ ಫೋನ್ ಮಾಡಿದರೆ ಅಮ್ಮನ ಸ್ವರ ಬಾವಿಯೊಳಗಿನಿಂದ ಬಂದಂತಿತ್ತು.

"ಎಂತ ಆಯಿತು ಅಮ್ಮ?"

"ಎಂತ ಇಲ್ಲ. ನಿನ್ನ ಗೆರೆ ಬರಬೇಕಲ್ಲ, ಈ ಸಲ ನೀರೂ ಮುಟ್ಟಲಿಲ್ಲ."

"ಹಸಿದಿರಬೇಕಾದದ್ದು ಕೋಶ, ನೀನಲ್ಲ."

"ಅದಕ್ಕೆ ಭಕ್ತಿ ಉಂಟಾ? ಯಾರಾದರೂ ಮಾಡಬೇಕಲ್ಲ."

ನಮ್ಮ ಗೈಡ್ ಸಾಹೇಬರೂ ಏಕಾದಶಿಯವರೇ. ಉಡುಪಿಯ ಮಠಕ್ಕೆ ಹತ್ತಿರದ ಮನೆತನ. ಅನ್ನವನ್ನು ಕಟ್ಟುನಿಟ್ಟಾಗಿ ಬಿಟ್ಟು, ಸಜ್ಜಿಗೆ, ಅವಲಕ್ಕಿ, ಬಾಳೆಹಣ್ಣಿನ ರಸಾಯನದಲ್ಲೇ ಹೇಗೋ ದಿನ ತಳ್ಳುತ್ತಿದ್ದರು. ಇಷ್ಟು ಕಠೋರ ವ್ರತದ ಮರುದಿನ, ದ್ವಾದಶಿಯ ನಸುಕಿನಲ್ಲೇ ಪಾರಣೆಯ ಊಟ ಮುಗಿಸಿ ಎಲ್ಲರಿಗಿಂತ ಮೊದಲು ಪ್ರಯೋಗಾಲಯಕ್ಕೆ ಬರುತ್ತಿದ್ದರು. ಹೊಟ್ಟೆ ತುಂಬಿದವರ ಕರುಣೆ ಅಂದು ಅವರಲ್ಲಿ ಉಕ್ಕಿ ಹರಿಯುತ್ತಿತ್ತು.

ಆ ದ್ವಾದಶಿಯಂದು ನಾನು ಅವರಿಗಿಂತಲೂ ಬೇಗ ಹೋಗಿ ಕೋಶಗಳನ್ನು ತೊಳೆದು, ಆಹಾರವಿಲ್ಲದ ಉಪ್ಪುನೀರಿನಲ್ಲಿಟ್ಟು, ಯಾರೂ ಮುಟ್ಟದಿರಲೆಂದು ಪ್ಲೇಟಿನ ಮುಚ್ಚಳದ ಮೇಲೆ 'ಸೀರಮ್ ಇಲ್ಲ', ಅಂದರೆ ಕೋಶಗಳ ಊಟ ಹಾಕಿಲ್ಲ, ಎಂದು ಬರೆದು, ಸ್ನಾನಕ್ಕೆ ಹಾಸ್ಟೆಲಿಗೆ ಬಂದೆ. ಮರಳಿ ಹೋದಾಗ ಎಲ್ಲ ಇಟ್ಟಲ್ಲೇ ಇತ್ತು. ಉಪ್ಪುನೀರೂ ಗುಲಾಬಿ ಬಣ್ಣ, ಊಟದ ದ್ರವವೂ ಗುಲಾಬಿ ಬಣ್ಣ; ಕಣ್ಣಿಗೆ ವ್ಯತ್ಯಾಸ ತಿಳಿಯದು. ಕೋಶಗಳನ್ನು ಒಡೆದು, ಜೆಲ್ ಓಡಿಸಿ, ಕಡೆಯ ಹನಿ ಆಂಟಿಬಾಡಿಯನ್ನೂ ಸುರಿದೆ.

ಫಿಲ್ಮಿನಲ್ಲಿ ಬಂದದ್ದು ಮೇಲಿನ ಗೆರೆಯೊಂದೇ. ಸಾಹೇಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇವು ಹಸಿದೇ ಇಲ್ಲವಲ್ಲ ಮಾರಾಯ್ತಿ," ಎಂದರು. ಆಮೇಲೆ ಏನೋ ನೆನಪಾಯಿತು. "ದ್ವಾದಶಿ ದಿನ ಎರಡನೇ ಶೆಲ್ಫಿನಲ್ಲಿದ್ದ ಪ್ಲೇಟು ನಿನ್ನದಾ? ಸೀರಮ್ ಇಲ್ಲ ಅಂತ ಬರೆದಿತ್ತು. ಪಾಪ, ಹಾಕಲು ಮರೆತದ್ದು ಅಂತ ಗ್ರಹಿಸಿ ನಾನೇ ಹಾಕಿದೆ. ಆ ದಿನ ಬೆಳಿಗ್ಗೆ ಯಾರನ್ನೂ ಹಸಿದಿರಲು ಬಿಡಬಾರದು, ಅಲ್ವಾ?"

ಅವರ ಪುಣ್ಯಕ್ಕೆ ನನ್ನ ವಿಷಯ ಹೋಯಿತು. ಸಮಿತಿ ಬೇರೊಂದು ಕೊಟ್ಟಿತು. ಆ ವಾರ ಕಾಪುವಿಗೆ ಹೋದೆ.

ಅಮ್ಮ ಬಾಗಿಲಲ್ಲೇ ಕೇಳಿದಳು, "ಗೆರೆ ಬಂತಾ?" ಬಾಗಿಲ ಚೌಕಟ್ಟಿಗೆ ಊರಿದ ಅವಳ ಸೊರಗಿದ ಕೈಯಲ್ಲಿ ಬಳೆಗಳು ಮೊಣಕೈಯವರೆಗೆ ಜಾರಿದ್ದವು. ತನ್ನನ್ನೇ ತಿಂದು ಬದುಕುವುದನ್ನು ನಾನು ಪ್ಲೇಟಿನಲ್ಲಿ ಹುಡುಕಿದ್ದೆ. ಅದು ನನ್ನೆದುರೇ ನಿಂತಿತ್ತು. ನನಗೆ ಹೆದರಿಕೆಯಾಯಿತು. ಇಲ್ಲವೆಂದರೆ ಮುಂದಿನ ಏಕಾದಶಿಗೂ ನೀರು ಬಿಡುವವಳೇ.

"ಬಂತಮ್ಮ, ದಪ್ಪ ಗೆರೆ. ಇನ್ನು ನೀನು ಹೊಟ್ಟೆ ತುಂಬ ಉಣ್ಣು."

ಅವಳ ಮುಖ ಅರಳಿತು.

"ನೋಡಿದೆಯಾ, ಫಲ ಉಂಟು. ಇನ್ನು ನಿನಗೆ ಮದುವೆ ಆಗುವವರೆಗೆ ಯಾವ ಏಕಾದಶಿಗೂ ನೀರು ಮುಟ್ಟುವುದಿಲ್ಲ."