ಕ್ಯಾಪಿಟಲ್ ಅಕ್ಷರಗಳಲ್ಲಿ ಸಿಕ್ಕ ಹುಸೇನ್‌ಸಾಬ್

ಆಕೆಯ ಕೈಯಲ್ಲಿ ಗಂಡಸರ ಒಂಟಿ ಚಪ್ಪಲಿ ಇತ್ತು, ಅದಿರಿನ ಕೆಂಪು ಧೂಳು ಮೆತ್ತಿದ್ದು. ಕುರುಗೋಡಿನ ಬಳಿ ಲಾರಿ ಮಗುಚಿ, ಅದರ ಡ್ರೈವರ್ ಆಗಿದ್ದ ಆಕೆಯ ಗಂಡನನ್ನು ಯಾರೋ ಬಳ್ಳಾರಿಗೆ ಸಾಗಿಸಿದ್ದರು. ಹುಡುಕುತ್ತ ನಮ್ಮ ಆಸ್ಪತ್ರೆಗೆ ಬಂದಿದ್ದಳು. ವಿಚಾರಣಾ ಕೌಂಟರಿನಲ್ಲಿದ್ದ ನಾನು, ಆಕೆ ಹೇಳಿದ ಗಂಡನ ಹೆಸರನ್ನು, ಹುಸೇನ್‌ಸಾಬ್ ಎಂದು, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿದೆ. ಕಂಪ್ಯೂಟರ್ ಇಲ್ಲ ಎಂದಿತು.

"ಇಲ್ಲ ಅನಬ್ಯಾಡ್ರಿ ಅಕ್ಕಾರ, ಇನ್ನೊಮ್ಮಿ ನೋಡ್ರಿ."

ತುರ್ತು ವಾರ್ಡಿನ ಸಿಸ್ಟರ್‌ಗಳು ದೂರದಿಂದಲೂ ಕಾಣಲೆಂದು ಹೆಸರುಗಳನ್ನು ಕ್ಯಾಪಿಟಲ್‌ನಲ್ಲೇ ಹಾಕುವುದು ನೆನಪಾಯಿತು. ಹಾಗೇ ಟೈಪ್ ಮಾಡಿದೆ. ಹೆಸರು ಬಂತು.

"ಜೀವಂತ ಅದಾರೇನ್ರಿ?"

"ಅದಾರ. ಮ್ಯಾಲಿನ ವಾರ್ಡಿನ್ಯಾಗ."

ಆಕೆ ಕೇಳದಿದ್ದರೆ ನಾನು ಇನ್ನೊಮ್ಮೆ ನೋಡುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಬೇಗ ಹೋಗಿ, ನಾನೇ ಬರೆದಿದ್ದ ಆ ಹುಡುಕಾಟದ ಜಾವಾಸ್ಕ್ರಿಪ್ಟ್ ಕೋಡ್ ತೆರೆದು, ಟೈಪ್ ಮಾಡಿದ ಹೆಸರು, ದಾಖಲೆಯಲ್ಲಿರುವ ಹೆಸರು ಎರಡನ್ನೂ ಸಣ್ಣಕ್ಷರಕ್ಕೆ ತಂದ ಮೇಲೆಯೇ ಹೋಲಿಸುವಂತೆ ತಿದ್ದಿದೆ.